ಹೊಸ ಕಂಪ್ಯೂಟರಿನ ಖಂಡೇಪೂಜೆ

ಹಾವೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಕೋರ್ಟಿನ ಅರ್ಜಿ, ಖರೀದಿ ಪತ್ರ ಟೈಪ್ ಮಾಡಿಕೊಡುವುದು ನನ್ನ ಉದ್ಯೋಗ. ಅದಕ್ಕಿದ್ದ ಹಳೆಯ ಕಂಪ್ಯೂಟರು ಚಾಲೂ ಆಗುವಷ್ಟರಲ್ಲಿ ನನ್ನ ಸ್ನಾನ, ನಾಷ್ಟಾ ಎರಡೂ ಮುಗಿಯುತ್ತಿದ್ದವು. ಅದರ ಮೇಲೆ ಮೈಯೆಲ್ಲ ಸಿಟ್ಟಿದ್ದರೂ ಬದಲಿಸುವ ಮನಸ್ಸಾಗಿರಲಿಲ್ಲ. ಗಂಟಲಿನ ಆಪರೇಷನ್ನಿಗೆ ಮೊದಲು ನನ್ನ ಹೆಂಡತಿ ಅದರ ಮುಂದೆಯೇ ಮೈಕು ಹಿಡಿದು ಕೂತು, ಮುಂದೆಂದೋ ಹುಟ್ಟುವ ಮೊಮ್ಮಗುವಿಗೆಂದು ಜೋಗುಳ ಹಾಡಿಟ್ಟಿದ್ದಳು. ನಡುನಡುವೆ ನನ್ನನ್ನು ಬೈದದ್ದೂ ಅದರಲ್ಲಿತ್ತು. ಆಪರೇಷನ್ ಆದ ಮೇಲೆ ಅವಳಿಗೆ ದನಿಯೇ ಇಲ್ಲ.

ಈ ವರ್ಷ, ಬ್ಯಾಡಗಿಗೆ ಕೊಟ್ಟ ಮಗಳು ಬಸುರಿಯಾದಾಗಲೇ, ಹಾರ್ಡ್ ಡಿಸ್ಕು ಟಕಟಕ ಎನ್ನತೊಡಗಿತು. ರಾಣೆಬೆನ್ನೂರಿನಲ್ಲಿ ಕಂಪ್ಯೂಟರ್ ಅಸೆಂಬಲ್ ಮಾಡಿಕೊಡುವವನ ಅಂಗಡಿಗೆ ಒಯ್ದೆ.

"ಇದು ಬಾಳ ದಿನ ಬಾಳಂಗಿಲ್ರಿ ಸರ್. ಹೊಸಾದ ಕಟ್ಟಿಸ್ರಿ, ಇದರಾಗಿಂದೆಲ್ಲಾ ಅದಕ್ಕ ಹಾಕಿ ಕೊಡ್ತೇನಿ" ಎಂದ.

ಭಾಗಗಳನ್ನು ಒಂದೊಂದಾಗಿ ನಾನೇ ಆರಿಸಿದೆ. ಹೆಂಡತಿಯ ಹಾಡು, ಡಿಸ್ಕಿನ ಬದಲು ಹಾಕಿಸಿದ ಹೊಸ ಎಸ್‌ಎಸ್‌ಡಿಗೆ ಬಂದ ಮರುದಿನವೇ ಹಳೆಯ ಡಿಸ್ಕು ಪೂರ್ತಿ ನಿಂತುಹೋಯಿತು. ದೇವರು ದೊಡ್ಡವನು ಎಂದುಕೊಂಡೆ. ಮನೆಯಲ್ಲಿ ಮೊದಲು ಹಾಕಿದ್ದು ಆ ಜೋಗುಳವನ್ನೇ. ತೊಟ್ಟಿಲ ಕಾರ್ಯದಲ್ಲಿ ಇದನ್ನೇ ಹಾಕಬೇಕು ಎಂದು ಅವಳು ಕೈಸನ್ನೆಯಲ್ಲಿ ಹೇಳಿದಳು.

ಅಷ್ಟರಲ್ಲಿ ದಸರೆಯ ಖಂಡೇಪೂಜೆ ಬಂತು. ಅನ್ನ ಕೊಡುವ ಸಾಮಾನಿಗೆಲ್ಲ ಅಂದು ಪೂಜೆ. ಮಷೀನಾದರೆ ಚಾಲೂ ಇರುವಾಗಲೇ ಆರತಿ ಆಗಬೇಕು, ಬಂದ್ ಇಟ್ಟು ಪೂಜಿಸಿದರೆ ವರ್ಷವಿಡೀ ಕೆಲಸ ಬಂದ್ ಎನ್ನುವುದು ನಮ್ಮ ಮನೆಯ ನಂಬಿಕೆ. ಹಳೆಯ ಪೆಟ್ಟಿಗೆಯ ನೆತ್ತಿ ಗಟ್ಟಿ ತಗಡಿನದು. ಎಷ್ಟೋ ವರ್ಷ ಅದರ ಮೇಲೆ ಕಾಯಿನೀರು ಹೊಯ್ದು ಒರೆಸಿದ್ದೆವು. ಹೊಸದಕ್ಕೆ ಗಾಳಿಯಾಡಲೆಂದು ನೆತ್ತಿಯ ತುಂಬ ಜಾಳಿಗೆ. ಅವಳು ಅದನ್ನು ಸೇವಂತಿಗೆ ಹೂವಿನಿಂದ ಮುಚ್ಚಿದ್ದಳು. ನಾನು ಗಂಟೆ ಬಾರಿಸುತ್ತಿದ್ದೆ. ಅವಳು ಕಾಯಿ ಒಡೆದು, ಎರಡೂ ಹೋಳಿನ ನೀರನ್ನು ಹೂವಿನ ಮೇಲೆ ಭಕ್ತಿಯಿಂದ ಹೊಯ್ದಳು. ಒಳಗೆ ಚಟ್ ಎಂದಿತು. ಪರದೆ ಕಪ್ಪಾಯಿತು.

"ಕಣ್ಣ ಎಲ್ಲಿಟ್ಟಿದ್ದಿ? ಅದರಾಗ ಏನಿತ್ತಂತ ನಿನಗ ಗೊತ್ತಿಲ್ಲೇನು?"

ಹಿಂದಿನಂತಾಗಿದ್ದರೆ ನನ್ನ ಒಂದು ಮಾತಿಗೆ ಹತ್ತು ಕೊಡುತ್ತಿದ್ದಳು. ಈಗ ಕಾಯಿಹೋಳು ಹಿಡಿದುಕೊಂಡೇ ನಿಂತಿದ್ದಳು. ಎದುರಾಡಲಾರದವಳ ಮೇಲೆ ಕೂಗುವುದು ಎಂಥ ಹೇಸಿಗೆಯ ಕೆಲಸ ಎಂದು ಗೊತ್ತಿದ್ದೂ ಕೂಗಿದೆ.

ಮಧ್ಯಾಹ್ನದ ಬಸ್ಸಿಗೇ ಅದನ್ನು ರಾಣೆಬೆನ್ನೂರಿಗೆ ಹೊತ್ತುಕೊಂಡು ಹೋದೆ. ಅಂಗಡಿಯವನು ಬಿಚ್ಚಿ, ಒರೆಸಿ, ಬಹಳ ಹೊತ್ತು ನೋಡಿದ.

"ಬೋರ್ಡ್ ಹೋಗೇತ್ರಿ. ಅದನ್ನ ಬ್ಯಾರೆ ಹಾಕಬಹುದು. ಎಸ್‌ಎಸ್‌ಡಿನೂ ಸುಟ್ಟೈತಿ."

"ಅದರಾಗಿಂದು?"

"ಆಸೆ ಇಟಗೋಬ್ಯಾಡ್ರಿ ಸರ್."

ಹಳೆಯ ಡಿಸ್ಕನ್ನೂ ಕೊಟ್ಟೆ. ಹಚ್ಚಿ ನೋಡಿ ಆಗದೆಂದು ತಲೆಯಾಡಿಸಿದ. ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತೆ. ಮಗಳ ಫೋನು ಬಂತು, ಎತ್ತಲಿಲ್ಲ.

ಮರುದಿನ ವಿಜಯದಶಮಿ, ಬನ್ನಿಹಬ್ಬ. ಸಂಜೆ ಊರವರು ಮನೆಮನೆಗೆ ಬಂದು ಬನ್ನಿ ಎಲೆ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಹೋದರು. ಎಲ್ಲರೂ ಹೋದ ಮೇಲೆ ಹೆಂಡತಿ ಬಂದಳು. ನನ್ನ ಅಂಗೈಯಲ್ಲಿ ಎಲೆಯಿಟ್ಟು, ಕಾಲು ಮುಟ್ಟಿ, ಎದ್ದು ನಿಂತು ತುಟಿ ಆಡಿಸಿದಳು. ಅವೇ ಮಾತು, ನನಗೆ ತಿಳಿಯಿತು. ಆ ತುಟಿಗೆ ಅವಳ ಹಳೆಯ ದನಿಯನ್ನು ನೆನಪಿನಿಂದ ಕೂಡಿಸಿಕೊಳ್ಳಲು ನೋಡಿದೆ. ಬರಲಿಲ್ಲ. ಮತ್ತೆ ನೋಡಿದೆ. ಕಿವಿಗೆ ಬಂದದ್ದು ಆಗಷ್ಟೇ ಹೋದ ಪಕ್ಕದ ಮನೆಯಾಕೆಯ ದನಿ.

ಅವಳು ಉತ್ತರಕ್ಕೆಂದು ನಿಂತೇ ಇದ್ದಳು.

"ಹೂಂ, ಇರೂಣು" ಎಂದೆ.