ಕೆಂಪು ಕಾಣದೆ ನಂಬದ ಗಂಗಕ್ಕ

ಯಾವುದಾದರೂ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಗಂಗಕ್ಕನ ಕೈ ಸುಮ್ಮನಿರುತ್ತಿರಲಿಲ್ಲ. ಕೆಡಿಸಿ ನೋಡಲೇಬೇಕು. ನಮ್ಮ ಗೃಹಪ್ರವೇಶದ ದಿನ, ಅಯ್ನೋರು ಮಂಗಳಾರತಿ ಎತ್ತುವ ಹೊತ್ತಿಗೆ ಸರಿಯಾಗಿ ಮೀಟರ್ ಬೋರ್ಡಿನ ಫ್ಯೂಸ್ ಕಿತ್ತರು. ದೀಪ ಆರಿತು, ಫ್ಯಾನು ನಿಂತಿತು, ಆಮೇಲೆ ಯುಪಿಎಸ್ ಕೀ ಎಂದು ಕೂಗಿ ಎಲ್ಲ ಮತ್ತೆ ಶುರುವಾಯಿತು. "ಚೆನ್ನಾಗೈತೆ ಕಣೋ ನಿನ್ ಯುಪಿಎಸ್ಸು, ದುಡ್ಡು ದಂಡ ಆಗಿಲ್ಲ" ಎಂದು ಫ್ಯೂಸ್ ಸಿಕ್ಕಿಸಿ ಊಟಕ್ಕೆ ಕುಳಿತರು. ಅವರ ಹೆಸರೆತ್ತಿದರೆ ನಮ್ಮಮ್ಮ ಇಂದಿಗೂ ಮುಖ ಸಿಂಡರಿಸುತ್ತಾಳೆ.

ಗಂಗಕ್ಕನೂ ನಾನೂ ಕಡೂರಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿದ್ದೆವು. ಬೋರ್‌ವೆಲ್ ಮೋಟರಿನ ಸ್ಟಾರ್ಟರ್‌ಗೆ ಕೂರಿಸುವ ಬೋರ್ಡು ನಮ್ಮ ಮಾಲು. ಬಾವಿಯಲ್ಲಿ ನೀರು ಬತ್ತಿದರೆ, ಮೋಟರು ಸುಡುವ ಮೊದಲೇ ಅದು ಆಫ್ ಮಾಡಬೇಕು. ಅದರ ಚಿಪ್ಪಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವನು ನಾನು. ಆ ಪ್ರೋಗ್ರಾಮಿನ ಒಂದೊಂದು ತುಂಡನ್ನೂ ಬಿಡಿಯಾಗಿ ಓಡಿಸಿ ನೋಡುವ ಯೂನಿಟ್ ಟೆಸ್ಟುಗಳನ್ನು ಬರೆಯುವವರು ದಿನಾ ಅಜ್ಜಂಪುರದಿಂದ ಬಂದು ಹೋಗುತ್ತಿದ್ದ ಗಂಗಕ್ಕ. ಟೆಸ್ಟು ಪಾಸಾದರೆ ಪರದೆಯ ಮೇಲೆ ಹಸಿರು ಸಾಲು, ಫೇಲಾದರೆ ಕೆಂಪು. ಹಸಿರು ಕಂಡರೆ ಯಾರಿಗಾದರೂ ಖುಷಿಯಾಗುತ್ತದೆ, ಇವರಿಗೆ ಗುಮಾನಿ. ನಾನು ಊಟಕ್ಕೆ ಹೋದಾಗ ನನ್ನ ಕೋಡಿನಲ್ಲಿ 'ಹೆಚ್ಚು' ಎಂದಿದ್ದಲ್ಲಿ 'ಕಡಿಮೆ' ಎಂದು ತಿದ್ದುವರು, ಟೆಸ್ಟು ಕೆಂಪಾದರೆ ಸಮಾಧಾನ ಪಡುವರು. ಕೆಲವು ಸಲ ವಾಪಸ್ ಸರಿಮಾಡುವುದನ್ನೇ ಮರೆಯುವರು. ಮಧ್ಯಾಹ್ನವೆಲ್ಲ ನಾನು ತಲೆ ಚಚ್ಚಿಕೊಳ್ಳಬೇಕು.

"ಒಂದು ಮಾತು ಹೇಳಿ ಮಾಡ್ಬಾರ್ದೇನ್ರೀ ಗಂಗಕ್ಕ?" ಎಂದು ಕೂಗಾಡಿದರೆ, "ಕಳ್ಳ ಬಂದಾಗ ಬೊಗಳ್ತದೋ ಇಲ್ವೋ ಅಂತ ಗೊತ್ತಿಲ್ದಿರೋ ನಾಯಿಗೆ ಯಾಕಪ್ಪಾ ಅನ್ನ ಹಾಕ್ಬೇಕು?" ಎನ್ನುವರು.

ಒಮ್ಮೆ ತರೀಕೆರೆಯ ಡೀಲರೊಬ್ಬರು ದೊಡ್ಡ ಆರ್ಡರ್ ಕೊಟ್ಟರು. ಕರೆಂಟು ಹೋಗಿ ಬಂದ ಮೇಲೂ ಬೋರ್ಡು ಒಣಬಾವಿಯನ್ನು ಗುರುತಿಸಬೇಕು ಎಂದು ಕೊನೆ ಗಳಿಗೆಯಲ್ಲಿ ಕೇಳಿದರು. ನಾನು ಕೋಡ್ ಬರೆದೆ, ಗಂಗಕ್ಕ ಟೆಸ್ಟ್ ಬರೆದರು. ಮಾಲೀಕ ಮಲ್ಲೇಶಪ್ಪ "ಆಯ್ತಾ, ಆಯ್ತಾ?" ಎಂದು ಬೆನ್ನ ಹಿಂದೆಯೇ ನಿಂತಿದ್ದರು. ಎಲ್ಲ ಹಸಿರಾಯಿತು, ಮಾಲು ಪ್ಯಾಕಾಯಿತು. ಡೀಲರ್ ಟೆಂಪೊ ತಂದರು. ಗಂಗಕ್ಕ ಅವರೆದುರೇ "ಪಾಸ್" ಎಂದರು, ಅವರು ಕಾಫಿ ಕುಡಿಯುತ್ತಿದ್ದರು.

ಆಗ ಗಂಗಕ್ಕ ಹೋಗಿ ಆ ಹೊಸ ಕೋಡನ್ನು ಕೆಡಿಸಿ ನೋಡಿದರು. ಹಸಿರು ಹಸಿರಾಗಿಯೇ ಉಳಿಯಿತು!

ಸಿ ಭಾಷೆಯ ಉಪದ್ರವವೇ ಇದು. ಬೇರೆ ಎಷ್ಟೋ ಭಾಷೆಗಳಲ್ಲಿ ಬರೆದ ಟೆಸ್ಟನ್ನು ಫ್ರೇಮ್‌ವರ್ಕ್ ಎಂಬ ಸಾಫ್ಟ್‌ವೇರೇ ಹುಡುಕಿ ಓಡಿಸುತ್ತದೆ. ನಾವು ಬಳಸುತ್ತಿದ್ದುದರಲ್ಲಿ ಪ್ರತಿಯೊಂದು ಟೆಸ್ಟಿನ ಹೆಸರನ್ನೂ ಓಡಬೇಕಾದವುಗಳ ಪಟ್ಟಿಗೆ ಕೈಯಾರೆ ಸೇರಿಸಬೇಕು. ಆ ಅವಸರದಲ್ಲಿ ಗಂಗಕ್ಕ ತಮ್ಮ ಟೆಸ್ಟಿನ ಹೆಸರು ಸೇರಿಸಿರಲಿಲ್ಲ. ಅದು ಒಮ್ಮೆಯೂ ಓಡಿರಲಿಲ್ಲ. ಕೆಡಿಸಿದ್ದನ್ನು ಸರಿಮಾಡಿ, ಹೆಸರು ಸೇರಿಸಿ ಓಡಿಸಿದರು. ಕೆಂಪು.

ನೆಟ್ಟಗೆ ಡೀಲರ್ ಮುಂದೆ ಹೋಗಿ ನಿಂತರು. "ಹೇರ್ಬೇಡಿ ಕಣ್ರೀ. ಕರೆಂಟ್ ಹೋಗಿ ಬಂದ್ರೆ ಇದು ಒಣಬಾವೀಲೂ ಮೋಟ್ರು ಓಡಿಸ್ತದೆ, ಸುಟ್ಟೋಗ್ತದೆ. ನೋಡ್ದೇನೇ ಪಾಸ್ ಅಂದ್ಬಿಟ್ಟೆ, ತಪ್ಪು ನಂದು."

ಖಾಲಿ ಟೆಂಪೊ ವಾಪಸಾಯಿತು, ಆರ್ಡರೂ ಹೋಯಿತು. ಮಲ್ಲೇಶಪ್ಪ, "ನಾಳೆಯಿಂದ ಬರಬೇಡ ಕಣಮ್ಮಾ" ಎಂದರು. ನನಗೆ ಮೈಯೆಲ್ಲ ಉರಿಯಿತು. ನನ್ನನ್ನೋ ಮಲ್ಲೇಶಪ್ಪನನ್ನೋ ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಎರಡು ದಿನದ ಮಟ್ಟಿಗೆ ಏನಾದರೊಂದು ನೆಪ ಹುಟ್ಟಿಸುವುದು ಕಷ್ಟವೇ? ಹಾಗೆಂದು ಕೇಳಿದ್ದಕ್ಕೆ, "ನಾನು ಪಾಸ್ ಅಂದಿದ್ದು ಅವ್ರ ಎದುರ್ಗೇ ಅಲ್ವೇನೋ?" ಎಂದು ಬ್ಯಾಗು ಹೆಗಲಿಗೇರಿಸಿ ರೈಲಿಗೆ ಹೊರಟೇಬಿಟ್ಟರು.

ಕೋಡ್ ಸರಿಮಾಡಿದೆವು. ಕೆಲವು ತಿಂಗಳ ಮೇಲೆ ಅದೇ ಡೀಲರ್ ತಾವಾಗಿಯೇ ಬಂದರು. ಈಗ ಆ ಬೋರ್ಡುಗಳು ಸಿಂಗಟಗೆರೆ, ಪಂಚನಹಳ್ಳಿಯ ತೋಟಗಳಲ್ಲಿವೆ. ಮಲ್ಲೇಶಪ್ಪನ ಸಿಟ್ಟು ಇಳಿದು, ಗಂಗಕ್ಕನನ್ನು ಕರೆತರಲು ನನ್ನನ್ನು ಅಜ್ಜಂಪುರಕ್ಕೆ ಕಳಿಸಿದರು. ಒಂದೇ ಷರತ್ತು: ಗಿರಾಕಿಗಳ ಮುಂದೆ ಬಾಯಿ ಬಿಡಬಾರದು.

ಗಂಗಕ್ಕ ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತಿದ್ದರು. ಷರತ್ತನ್ನು ಹೇಳಿದೆ. ಸಿಟ್ಟಾಗಲಿಲ್ಲ, ನಗಲೂ ಇಲ್ಲ.

"ಹಂಗಂತ ಒಪ್ಕಂಡು ಬತ್ತೀನಿ ಅನ್ಕೋ. ಆಮೇಲೆ ನಾನು ಪಾಸ್ ಅಂದ್ರೆ ನೀನು ನಂಬ್ತೀಯೇನೋ?"

ಕೊಟ್ಟ ಮಜ್ಜಿಗೆ ಕುಡಿದು ಎದ್ದೆ. ಬೀರೂರು ದಾಟುವವರೆಗೂ ಬೈಕಿನ ಮೇಲೆ ಅವರನ್ನು ಬೈಯುತ್ತಲೇ ಬಂದೆ. ಹೂಂ ಎಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು?

"ಏನಂದ್ಲು?" ಎಂದರು ಮಲ್ಲೇಶಪ್ಪ. ಗಂಗಕ್ಕ ಕೇಳಿದ ಪ್ರಶ್ನೆಯನ್ನು ಇದ್ದಂತೆಯೇ ಅವರಿಗೆ ಒಪ್ಪಿಸಿದೆ.

"ಬರಲ್ಲ ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ವಾ ಆಯಮ್ಮಂಗೆ?" ಎಂದು ರೇಗಿದರು.

ನನಗೂ ಅಷ್ಟೇ ರೇಗಿತ್ತು. ಬರಬೇಕಿತ್ತು ಆ ಹೆಂಗಸು.