ತೊಳೆದಿಟ್ಟ ಇಂಜಿನ್

ನನ್ನ ಎಡಗಿವಿ ಹೋದ ವರ್ಷವೇ ಪೂರ್ತಿ ಕೈಕೊಟ್ಟಿತು. ಬಲಗಿವಿಯೂ ಬಹಳ ದಿನ ಬಾಳುವುದಿಲ್ಲ ಎಂದು ಕಲಬುರಗಿಯ ಡಾಕ್ಟರು ಹೇಳಿದಾಗ, ಅಂದೋಲಾದ ನಮ್ಮ ತೊಗರಿ ಗೋದಾಮಿನಲ್ಲಿ ತಾಡಪತ್ರಿ ಹೊದ್ದು ಮಲಗಿದ್ದ ಇಂಜಿನ್ ನೆನಪಾಯಿತು. ಅದರ ಸದ್ದು ಇನ್ನೊಂದು ಸಲ ಕೇಳಬೇಕು ಅನಿಸಿತು. ಬೇರೇನೂ ಬೇಡ.

ಮದುವೆಗೆ ಮುಂಚೆ, ಹೈದರಾಬಾದಿನಲ್ಲಿ ಕಾನ್ವೆಂಟ್ ಮುಗಿಸಿದ ಮೇಲೆ, ನಾನು ವಿಮಾನ ಹಾರಿಸಲು ಕಲಿತೆ. ವೆರಿ ಅನ್‌ಲೇಡಿಲೈಕ್ ಎಂದು ಸಿಸ್ಟರುಗಳು ಮುಖ ಸಿಂಡರಿಸಿದ್ದರು. ಎರಡೇ ಸೀಟಿನ ಪುಟ್ಟ ವಿಮಾನ. ಅದರಲ್ಲಿ ಒಮ್ಮೆ ಅಫಜಲಪುರದ ತನಕ ಬಂದಿದ್ದೆ. ಕೆಳಗೆ ಭೀಮಾ ನದಿ, ಒಗೆದು ಹಿಂಡದೆ ಬಿಟ್ಟ ಸೀರೆಯ ಹಾಗೆ ಬಿದ್ದಿತ್ತು. ಆ ವಿಮಾನ ಗುಜರಿಗೆ ಹೋದಾಗ ಹಠ ಮಾಡಿ ಇಂಜಿನ್ ತರಿಸಿಕೊಂಡೆ. ನಮ್ಮ ಮನೆಯವರು, ಪಾಪ, ಜೇವರ್ಗಿ ಬಸ್ಸಿನಲ್ಲೇ ವಾಂತಿ ಮಾಡಿಕೊಳ್ಳುತ್ತಿದ್ದವರು. ವಿಮಾನದ ಹತ್ತಿರ ಎಂದೂ ಸುಳಿಯಲಿಲ್ಲ. ಈಗ ಅವರೂ ಇಲ್ಲ.

ಆಳಂದದ ಕಡೆಯ ಒಂದು ಟೆಕ್ನಿಕಲ್ ಸ್ಕೂಲಿನ ಪ್ರಿನ್ಸಿಪಾಲರು ಇಂಜಿನ್ ಓವರ್‌ಹಾಲ್ ಮಾಡಿಕೊಡುತ್ತೇವೆ ಎಂದರು. ಹಾರಿಸಲಿಕ್ಕಲ್ಲ, ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು ಒಮ್ಮೆ ಓಡಿಸಲಿಕ್ಕೆ. ಹುಡುಗರಿಗೆ ಪಾಠವಾಗುತ್ತದೆ, ನನಗೆ ಸದ್ದು ಸಿಗುತ್ತದೆ. ಫೇರ್ ಇನಫ್ ಎಂದು ಕೊಟ್ಟೆ.

ಕೆಲಸ ಚೆನ್ನಾಗಿಯೇ ನಡೆದಿತ್ತು, ಅದನ್ನು ಹೇಳಲೇಬೇಕು. ಸಿಲಿಂಡರುಗಳನ್ನು ಬಿಚ್ಚಿ, ಒಳಗೆ ತಿರುಗುವ ಉಕ್ಕಿನ ಕ್ರ್ಯಾಂಕ್‌ಶಾಫ್ಟ್ ಹೊರತೆಗೆದು, ಮಸಿಯೆಲ್ಲ ಕೆರೆದು, ಎಣ್ಣೆ ಸವರಿ ಬಟ್ಟೆ ಮುಚ್ಚಿಟ್ಟಿದ್ದರು. ಹೋಗಿ ನೋಡಿದರೆ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ದಸರಾ ಮುಗಿದ ಮೇಲೆ ಜೋಡಿಸಿಬಿಡುತ್ತೇವೆ ಎಂದರು.

ದಸರೆಗೆ ಮುಂಚೆ ಖಂಡೇಪೂಜೆ ಬಂತು. ನಮ್ಮ ಕಡೆ ಆವತ್ತು ಕುಡಗೋಲಿನಿಂದ ಟ್ರ್ಯಾಕ್ಟರಿನ ತನಕ ಎಲ್ಲವನ್ನೂ ತೊಳೆದು, ವಿಭೂತಿ ಹಚ್ಚಿ ಪೂಜೆಗಿಡುತ್ತಾರೆ. ಬನ್ನಿ ಕೊಟ್ಟು ತೆಗೆದುಕೊಳ್ಳುವ ತನಕ ಯಾರೂ ಮುಟ್ಟುವುದಿಲ್ಲ. ನಾನೂ ಈಳಿಗೆ ಮುಟ್ಟುವುದಿಲ್ಲ. ಆದರೆ ಇವರು ಬಿಚ್ಚಿಟ್ಟ ಇಂಜಿನ್ನಿಗೆ ಸೋಪು ಹಚ್ಚಿ ತಿಕ್ಕಿದ್ದಾರೆ, ಪೈಪು ಹಿಡಿದು ತೊಳೆದಿದ್ದಾರೆ. ಪ್ರತಿ ಸಿಲಿಂಡರಿನ ಮೇಲೂ, ಕ್ರ್ಯಾಂಕ್‌ಶಾಫ್ಟಿನ ನುಣುಪು ಭಾಗದ ಮೇಲೂ ಒದ್ದೆ ವಿಭೂತಿಯ ಮೂರು ಮೂರು ಗೆರೆ ಎಳೆದು, ಚೆಂಡುಹೂವಿನ ಹಾರ ಹಾಕಿ, ಬಾಗಿಲಿಗೆ ಬೀಗ ಜಡಿದು ರಜೆಗೆ ಊರಿಗೆ ಹೋಗಿಬಿಟ್ಟಿದ್ದಾರೆ.

ರಜೆ ಮುಗಿದು ನಾನು ಹೋದಾಗ ಬಾಡಿದ ಹೂವಿನ ಕೆಳಗೆ ಎಲ್ಲವೂ ಕೆಂಪಗಾಗಿತ್ತು. ಗೆರೆ ಎಳೆದಲ್ಲಿ ಬೆರಳಾಡಿಸಿದೆ, ಸಣ್ಣ ಸಣ್ಣ ಕುಳಿ ತಗಲಿತು.

ಮೊದಲು ಎಣ್ಣೆ ಯಾಕೆ ಸವರಿದ್ದಿರಿ ಎಂದು ಅಲ್ಲಿನ ಮಾಸ್ತರನ್ನು ಕೇಳಿದೆ. ತುಕ್ಕು ಹಿಡಿಯಬಾರದೆಂದು, ಅಂದ. ಹಾಗಾದರೆ ತೊಳೆದದ್ದು ಯಾಕೆ? ಜಿಡ್ಡಿದ್ದರೆ ವಿಭೂತಿ ನಿಲ್ಲುವುದಿಲ್ಲವಂತೆ.

ಪ್ರಿನ್ಸಿಪಾಲರು ಕುರ್ಚಿ ಹಾಕಿಸಿ, ಚಹಾ ತರಿಸಿ, ನನಗೇ ಸಮಾಧಾನ ಹೇಳತೊಡಗಿದರು.

“ದೇವರ ಕೆಲಸ ಮಾಡೇವ್ರಿ ಮೇಡಂ. ಪೂಜಾ ಮಾಡಿದ್ದು ತಪ್ಪೇನ್ರಿ?”

ದಿನಾ ಲಿಂಗಪೂಜೆಯಾಗದೆ ಚಹಾ ಮುಟ್ಟದ ನನ್ನನ್ನು ಹೀಗೆ ಕೇಳುತ್ತಾರೆ. ಹೌದೆಂದರೆ ನಾನು ನಾಸ್ತಿಕಳು, ಇಲ್ಲವೆಂದರೆ ಅವರು ಬಚಾವು. ಜಾಣತನವನ್ನು ಇಂಥದಕ್ಕೆ ಬಳಸುವ ಬದಲು ಒಂದು ಬಟ್ಟೆ ತೆಗೆದುಕೊಂಡು ನೀರು ಒರೆಸಿದ್ದರೆ ಸಾಕಿತ್ತು. ಅಷ್ಟಕ್ಕೇ ಮುಗಿಯಲಿಲ್ಲ. ಇಂಜಿನ್ನಿಗೆ ಸಿಲ್ವರ್ ಪೇಂಟ್ ಹೊಡೆದು ಗೇಟಿನ ಎದುರು ಕಟ್ಟೆಯ ಮೇಲೆ ನಿಲ್ಲಿಸುವ ಪ್ಲ್ಯಾನ್ ಕೂಡ ತಯಾರಾಗಿತ್ತು.

“ಸಾಹೇಬ್ರು ಹಾರಿಸಿದ್ದು ಅಂತ ದೊಡ್ಡದಾಗಿ ಬೋರ್ಡ್ ಬರಸ್ತೇವ್ರಿ,” ಅಂದರು. ಸಾಹೇಬರೆಂದರೆ ನಮ್ಮ ಮನೆಯವರು.

ಇಂಜಿನ್ ಕೊಟ್ಟ ದಿನವೇ ಇವರಿಗೆ ಎಲ್ಲ ಹೇಳಿದ್ದೆ. ಕಿವಿ ಹೋದದ್ದು ನನಗಾ, ಇವರಿಗಾ?

“ಸಾಹೇಬ್ರು ಬಸ್ಸಿನ ಕಿಟಕಿ ಬಿಟ್ಟು ಕೂತವರಲ್ಲ. ಹಾರಿಸಿದಾಕಿ ನಾನು,” ಅಂದೆ. “ಚಹಾ ಸಾಕು. ಎಲ್ಲಾ ಗಾಡಿಗೆ ಏರಸ್ರಿ.”

ಈಗ ಸಿಲಿಂಡರುಗಳು ನಮ್ಮ ಪಡಸಾಲೆಯಲ್ಲಿವೆ. ಸಂಜೆ ಕೂತು ನಾನೇ ಎಣ್ಣೆಬಟ್ಟೆಯಿಂದ ಒರೆಸುತ್ತೇನೆ. ನನ್ನ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನೂ ಇಷ್ಟು ನೇಮದಿಂದ ಮಾಡಿಲ್ಲ. ಕ್ರ್ಯಾಂಕ್‌ಶಾಫ್ಟನ್ನು ನನ್ನ ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿ ಹೈದರಾಬಾದಿನ ಒಂದು ವರ್ಕ್‌ಶಾಪಿಗೆ ಕಳಿಸಿದ್ದೇನೆ. ಕುಳಿಗಳು ಆಳವಾಗಿರದಿದ್ದರೆ ತೀಡಿ ಉಳಿಸಬಹುದು, ನೋಡಿ ಹೇಳುತ್ತೇವೆ ಎಂದಿದ್ದಾರೆ. ಇನ್ನೂ ಹೇಳಿಲ್ಲ.

ನಿನ್ನೆ ಪ್ರಿನ್ಸಿಪಾಲರ ಫೋನು ಬಂತು. ಎಡಗಿವಿಗೆ ಹಿಡಿದುಕೊಂಡು, ಅವರ ಮಾತು ಮುಗಿದಿರಬಹುದು ಅನಿಸುವ ತನಕ ಹೂಂ, ಹೂಂ ಅಂದೆ. ಬಲಗಿವಿಯನ್ನು ಇಂಜಿನ್ನಿಗೆಂದು ಇಟ್ಟುಕೊಂಡಿದ್ದೇನೆ.