ಒಂಟಿಯಾಗಿ ಇಳಿಯುವ ಮಕ್ಕಳಿಗೆ ಕುಲ್ಸುಮ್ ಕಾವಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಯಶವಂತಪುರ ರೈಲು ನಿಲ್ದಾಣದಲ್ಲಿ, ಮೇಲ್ಸೇತುವೆಯ ಮೆಟ್ಟಿಲು ಇಳಿಯುವಲ್ಲಿ, ಕುಲ್ಸುಮ್ ಕಂಬಕ್ಕೆ ಒರಗಿ ನಿಂತಿದ್ದಾರೆ. ಉತ್ತರದ ಕಡೆಯಿಂದ ಬಂದ ರೈಲು ಆಗಷ್ಟೇ ನಿಂತಿದೆ. ಗೋಣಿಚೀಲ, ಬಕೆಟ್ಟು, ಸುತ್ತಿದ ಕಂಬಳಿಗಳ ಸಮೇತ ಜನ ಹೊರಗೆ ಸುರಿಯುತ್ತಿದ್ದಾರೆ. ಆಟೊದವರು ಗಿರಾಕಿಗಳನ್ನು, ಮೇಸ್ತ್ರಿಗಳು ತಮ್ಮ ಕೂಲಿಯಾಳುಗಳನ್ನು ಹುಡುಕುತ್ತಿದ್ದರೆ, ಕುಲ್ಸುಮ್ ಕಣ್ಣು ಮಕ್ಕಳ ಮೇಲೆ. ರಚ್ಚೆ ಹಿಡಿಯುವ, ಬಿಸ್ಕೆಟ್ ಬೇಕೆಂದು ಸೆರಗು ಜಗ್ಗುವ ಮಕ್ಕಳ ಬಗ್ಗೆ ಅವರಿಗೆ ಚಿಂತೆಯಿಲ್ಲ.

‘ಮನೆಯವ್ರ ಜೊತೆ ಇರೋ ಮಗು ಹಟ ಮಾಡುತ್ತೆ ಕಣ್ರೀ. ಏನೂ ಕೇಳ್ದೆ ಸುಮ್ನೆ ಹಿಂದೆ ಬರೋ ಮಗು ಕಂಡ್ರೆ ನಂಗೆ ಎದೆ ಹೊಡ್ಕೊಳುತ್ತೆ’ ಎನ್ನುತ್ತಾರೆ.

ಆರ್.ಟಿ. ನಗರದ ಹಿಂದಿನ ಗಲ್ಲಿಯಲ್ಲಿ ಮನೆ, ಆಟೊ ಓಡಿಸುವ ಗಂಡ ಗಯಾಸ್, ಓದು ಏಳನೇ ತರಗತಿಗೆ ನಿಂತಿದೆ. ಸ್ವಯಂಸೇವಾ ಸಂಸ್ಥೆಯೊಂದು ನಿಲ್ದಾಣದಲ್ಲಿ ನಡೆಸುವ ಮಕ್ಕಳ ಸಹಾಯ ಕೇಂದ್ರದಲ್ಲಿ ಅವರು ಕಾರ್ಯಕರ್ತೆ. ದೊಡ್ಡವರ ದಿಕ್ಕಿಲ್ಲದೆ ಬೇರೆ ರಾಜ್ಯದಿಂದಲೋ ಬೇರೆ ದೇಶದಿಂದಲೋ ಬಂದಿಳಿಯುವ ಮಕ್ಕಳನ್ನು ಗುರುತಿಸಿ, ಅವರನ್ನು ಕೆಟ್ಟ ಕೈಗೆ ಸಿಗದಂತೆ ಕಾದು, ಇಪ್ಪತ್ನಾಲ್ಕು ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಎದುರು ಕರೆದೊಯ್ಯುವುದು ಅವರ ಕೆಲಸ. ಕೆಲವು ದಿನ ಒಂದು ಮಗುವೂ ಸಿಗುವುದಿಲ್ಲ. ಕೆಲವು ದಿನ ಒಂದೇ ಬೋಗಿಯಿಂದ ನಾಲ್ಕೈದು ಮಕ್ಕಳು ಇಳಿಯುತ್ತಾರೆ.

ಕಳೆದ ವರ್ಷ ಬೇಸಿಗೆಯ ಒಂದು ಬೆಳಿಗ್ಗೆ ಇಳಿದದ್ದು ಒಬ್ಬ ಹುಡುಗಿ. ಹನ್ನೆರಡೋ ಹದಿಮೂರೋ ವಯಸ್ಸು. ಅವಳ ನಿಜವಾದ ಹೆಸರನ್ನು ಇಲ್ಲಿ ಬರೆಯುವಂತಿಲ್ಲ, ಬಿಮಲಾ ಎನ್ನೋಣ. ಜೊತೆಗಿದ್ದ ನಡುವಯಸ್ಸಿನ ಗಂಡಸು ಹಿಂತಿರುಗಿಯೂ ನೋಡದೆ ಮುಂದೆ ನಡೆಯುತ್ತಿದ್ದ. ಅವನು ನಿಂತರೆ ಅವಳೂ ನಿಲ್ಲುತ್ತಿದ್ದಳು. ಕುಲ್ಸುಮ್ ಅಡ್ಡ ಹೋಗಿ ಹಿಂದಿಯಲ್ಲಿ ವಿಚಾರಿಸಿದರು. ಅಕ್ಕನ ಮಗಳು, ಹೆಸರು ಪೂಜಾ, ಇಲ್ಲಿನ ಶಾಲೆಗೆ ಸೇರಿಸಲು ಕರೆತಂದಿದ್ದೇನೆ ಎಂದು ಅವನು ನಗುನಗುತ್ತಲೇ ಹೇಳಿದ. ಯಾವ ಶಾಲೆ ಎಂದು ಕೇಳಿದ್ದೇ ಅವನ ನಗು ನಿಂತಿತು. ಕುಲ್ಸುಮ್ ಹುಡುಗಿಯ ಕಡೆ ತಿರುಗಿ ಹೆಸರು ಕೇಳಿದರು. ಅವಳು ಅವನ ಮುಖ ನೋಡಿ ‘ಪೂಜಾ’ ಎಂದಳು.

ಅಷ್ಟರಲ್ಲಿ ಅವನ ದನಿ ಏರಿತು. ಹೆಣ್ಣುಮಗುವನ್ನು ಹಿಡಿದಿಟ್ಟುಕೊಂಡಿದ್ದಾಳೆ ಎಂದು ಸುತ್ತ ಜನ ಸೇರಿಸಿದ. ಯಾರೋ ಮೊಬೈಲ್ ಎತ್ತಿ ವಿಡಿಯೊ ಮಾಡತೊಡಗಿದರು. ಕುಲ್ಸುಮ್ ಹುಡುಗಿಯ ಪಕ್ಕದಿಂದ ಅಲುಗಲಿಲ್ಲ. ಅವರು ಕರೆ ಮಾಡಿದ್ದರಿಂದ ರೈಲ್ವೆ ಪೊಲೀಸ್ ಕಾನ್‌ಸ್ಟೆಬಲ್ ಶರತ್ ಬಂದು ಇಬ್ಬರನ್ನೂ ಸಹಾಯ ಕೇಂದ್ರಕ್ಕೆ ಕರೆತಂದರು. ಹುಡುಗಿಗೆ ಬರುತ್ತಿದ್ದದ್ದು ನೇಪಾಳಿ ಮಾತ್ರ, ಹಿಂದಿ ಅಲ್ಪಸ್ವಲ್ಪ. ಅವಳು ಹೇಳುವುದನ್ನು ತಾನೇ ತಿಳಿಸುತ್ತೇನೆ ಎಂದು ಆ ಗಂಡಸು ಮುಂದೆ ಬಂದ. ಇನ್ನೊಂದು ಗಂಟೆಯಲ್ಲಿ ತನ್ನ ಕಡೆಯವರು ಕಾಗದಪತ್ರ ತರುತ್ತಾರೆ, ಅಲ್ಲಿಗೆ ಎಲ್ಲ ಮುಗಿಯುತ್ತದೆ ಎಂದ.

ಕುಲ್ಸುಮ್ ಒಪ್ಪಲಿಲ್ಲ. ‘ಆ ಮಗು ಮಾತು ಆ ಮಗು ಬಾಯಿಂದಾನೇ ಬರ್ಬೇಕು ಸರ್’ ಎಂದು ಶರತ್‌ಗೆ ಹೇಳಿ, ಮತ್ತಿಕೆರೆಯ ಧನಮಾಯಾಗೆ ಫೋನ್ ಮಾಡಿದರು.

ಧನಮಾಯಾ ಕಾಲೇಜು ಹುಡುಗರಿಗೆ ಮೊಮೊ ಮಾರುವ ತಳ್ಳುಗಾಡಿಯಾಕೆ. ಊರು ನೇಪಾಳದ ಬೆಟ್ಟದ ಸೀಮೆ. ಕಲಸುತ್ತಿದ್ದ ಹಿಟ್ಟನ್ನು ಹಾಗೇ ಮುಚ್ಚಿಟ್ಟು ಆಟೊ ಹತ್ತಿ ಬಂದರು. ಕುಲ್ಸುಮ್ ಹೇಳಿದಂತೆ ಶರತ್ ಆ ಗಂಡಸನ್ನು ಹೊರಗಿನ ಬೆಂಚಿಗೆ ಕರೆದೊಯ್ದರು. ಧನಮಾಯಾ ಹುಡುಗಿಯನ್ನು ಏನೂ ಕೇಳಲಿಲ್ಲ. ಟೀ ಕೊಟ್ಟು, ನಿಮ್ಮೂರಲ್ಲಿ ಈಗ ಜೋಳ ಬಿತ್ತಿದ್ದಾರಾ ಎಂದಷ್ಟೇ ಮಾತು ತೆಗೆದರು. ಹುಡುಗಿ ಲೋಟ ಕೆಳಗಿಟ್ಟು ಅಳಲು ಶುರು ಮಾಡಿದಳು.

ಆಮೇಲೆ ಒಂದೊಂದಾಗಿ ಹೊರಬಂತು. ಪೂಜಾ ಎಂಬುದು ಗಡಿ ದಾಟುವ ಮೊದಲು ಅವನು ಬಾಯಿಪಾಠ ಮಾಡಿಸಿದ ಹೆಸರು. ಅವನು ಮಾವನೂ ಅಲ್ಲ, ನೆಂಟನೂ ಅಲ್ಲ. ತಾಯಿ ತೀರಿಕೊಂಡ ಮೇಲೆ ಮಲತಂದೆ ಅವಳನ್ನು ಅವನ ಕೈಗೆ ಒಪ್ಪಿಸಿದ್ದ. ಅವಳ ಅಕ್ಕ ಸರಿತಾ ಬೆಂಗಳೂರಲ್ಲಿ ಮನೆಗೆಲಸಕ್ಕಿದ್ದಾಳೆ. ತಿಂಗಳುಗಳಿಂದ ಅವಳ ಫೋನ್ ಬಂದಿಲ್ಲ. ಅಕ್ಕನ ಹತ್ತಿರ ಬಿಡುತ್ತೇನೆ ಎಂದಿದ್ದಕ್ಕೇ ಬಿಮಲಾ ರೈಲು ಹತ್ತಿದ್ದು. ಒಳಗಿನ ಅಳು ಕೇಳಿಸಿದ್ದೇ ಆ ಗಂಡಸು ಬೆಂಚಿನಿಂದೆದ್ದು ಗೇಟಿನತ್ತ ಸರಸರ ನಡೆದ. ಶರತ್ ಹಿಂದೆಯೇ ಓಡಿ ಹಿಡಿದರು. ಕಾಗದಪತ್ರ ತರಬೇಕಿದ್ದವರು ಕೊನೆಗೂ ಬರಲಿಲ್ಲ.

ಈ ಕೆಲಸಕ್ಕೆ ಬರುವ ಮುಂಚೆ ಕುಲ್ಸುಮ್ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದರು. ಅಕ್ಕಪಕ್ಕದ ಮಿಷನ್ನುಗಳಲ್ಲಿ ಒಡಿಶಾ, ಬಂಗಾಳದ ಹುಡುಗಿಯರು. ಮನೆಯಲ್ಲಿ ಆಡುವ ದಖ್ಖನಿ ಉರ್ದುವಿಗೆ ಹಿಂದಿ ಹೇಗೂ ಹತ್ತಿರ; ಉಳಿದ ಭಾಷೆಗಳು ಊಟದ ಹೊತ್ತಿನಲ್ಲಿ ಕಿವಿಗೆ ಬಿದ್ದು ಬಿದ್ದು ಬಂದವು. ಕಾರ್ಖಾನೆ ಊರಾಚೆಗೆ ಹೋದಾಗ ಕೆಲಸ ಹೋಯಿತು. ನಿಲ್ದಾಣದ ಸಹಾಯ ಕೇಂದ್ರಕ್ಕೆ ಭಾಷೆ ಗೊತ್ತಿರುವ ಹೆಂಗಸು ಬೇಕಂತೆ ಎಂದು ಸುದ್ದಿ ತಂದವರು ಗಯಾಸ್.

ಬಿಮಲಾ ಸಿಕ್ಕ ಮರುವಾರ ಅದೇ ಗಯಾಸ್ ಆಟೊ ಸ್ಟ್ಯಾಂಡಿನಿಂದ ಮಧ್ಯಾಹ್ನವೇ ಮನೆಗೆ ಬಂದರು. ಬೈಕಿನಲ್ಲಿ ಬಂದ ಇಬ್ಬರು ಅವರ ಹೆಸರು ಹಿಡಿದು ಮಾತಾಡಿಸಿ, ರೈಲು ಬರುವ ಹೊತ್ತಲ್ಲಿ ಪ್ಲಾಟ್‌ಫಾರ್ಮ್ ಅಂಚಿನಲ್ಲಿ ನಿಲ್ಲಬೇಡ ಅಂತ ನಿನ್ನ ಹೆಂಡತಿಗೆ ಹೇಳು ಎಂದು ಹೋಗಿದ್ದರು. ಪೊಲೀಸರಿಗೆ ದೂರು ಕೊಟ್ಟಿದ್ದಾಯಿತು. ಆ ರಾತ್ರಿ ಗಂಡ ಹೆಂಡತಿ ಇಬ್ಬರೂ ಊಟ ಮಾಡಲಿಲ್ಲ. ಬೆಳಿಗ್ಗೆ ಕುಲ್ಸುಮ್ ಬುರ್ಖಾ ತೊಟ್ಟು ಹೊರಟಾಗ ಗಯಾಸ್ ಬೇಡ ಎನ್ನಲಿಲ್ಲ. ಆಟೊ ತೆಗೆದು ತಾವೇ ಬಿಟ್ಟು ಬಂದರು. ಈಗಲೂ ದಿನಾ ಅವರೇ ಬಿಡುವುದು.

‘ಭಯ ಇಲ್ಲ ಅಂದ್ರೆ ಸುಳ್ಳಾಗುತ್ತೆ. ರೈಲು ಬಂದಾಗೆಲ್ಲಾ ಈಗ ಎರಡು ಹೆಜ್ಜೆ ಹಿಂದೆ ನಿಂತ್ಕೋತೀನಿ, ಅಷ್ಟೇ’ ಎನ್ನುತ್ತಾರೆ ಕುಲ್ಸುಮ್.

ಇತ್ತ, ಸಮಿತಿ ಕಳಿಸಿದ್ದ ಬಾಲಕಿಯರ ಬಾಲಮಂದಿರದಲ್ಲಿ ಬಿಮಲಾ ಸರಿಯಾಗಿ ತಿನ್ನುತ್ತಿರಲಿಲ್ಲ. ವಿದೇಶದ ಮಗು, ವಾಪಸ್ ಕಳಿಸಿಬಿಟ್ಟರೆ ಮುಗಿಯಿತಲ್ಲ ಎಂದವರು ಪರಿಚಯದವರಲ್ಲೇ ಇದ್ದರು. ವಾಪಸ್ ಎಂದರೆ ಅದೇ ಮಲತಂದೆಯ ಮನೆ ಎಂಬುದು ಕುಲ್ಸುಮ್‌ಗೆ ಗೊತ್ತಿತ್ತು. ಸಮಿತಿಯ ಎದುರು ಧನಮಾಯಾರನ್ನು ಮತ್ತೆ ಕರೆತಂದು, ಮಗುವಿಗೆ ಏನು ಬೇಕೋ ಅದನ್ನು ಅವಳಿಂದಲೇ ಕೇಳಿಸಿದರು. ಅಕ್ಕ ಸಿಗುವವರೆಗೂ ಎಲ್ಲಿಗೂ ಹೋಗುವುದಿಲ್ಲ ಎಂದಳು ಬಿಮಲಾ. ಸಮಿತಿ ಕಾಲಾವಕಾಶ ಕೊಟ್ಟಿತು.

ಹುಡುಕಲು ಇದ್ದ ಸುಳಿವು ಒಂದೇ. ಸರಿತಾ ಮೊದಲೆಲ್ಲ ಫೋನಿನಲ್ಲಿ, ಅಡುಗೆಮನೆಯ ಕಿಟಕಿಯಿಂದ ಕೆರೆ ಕಾಣುತ್ತದೆ, ಪುಟಾಣಿ ವಿಮಾನಗಳು ಪಕ್ಕದಲ್ಲೇ ಇಳಿಯುತ್ತವೆ ಎನ್ನುತ್ತಿದ್ದಳಂತೆ. ಅಂಥ ಜಾಗ, ಕೆರೆಯೂ ಸಣ್ಣ ವಿಮಾನ ನಿಲ್ದಾಣವೂ ಇರುವ ಜಕ್ಕೂರೇ ಇರಬೇಕು ಎಂದುಕೊಂಡರು ಕುಲ್ಸುಮ್. ರಜೆಯ ದಿನಗಳಲ್ಲಿ ಅವರೂ ಧನಮಾಯಾರೂ ಹೆಬ್ಬಾಳ ದಾಟಿ ಹೋಗಿ, ಅಲ್ಲಿನ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ನಿಂತು ಕಾವಲುಗಾರರನ್ನು ವಿಚಾರಿಸಿದರು. ಕೆಲವರು ಗದರಿ ಕಳಿಸಿದರು. ಕೊನೆಗೊಬ್ಬ ನೇಪಾಳಿ ಕಾವಲುಗಾರ ಆಚೀಚೆ ನೋಡಿ, ಮೇಲಿನ ಮಹಡಿಯಲ್ಲಿ ಒಬ್ಬಳಿದ್ದಾಳೆ, ಕಸ ಹಾಕಲು ಮಾತ್ರ ಕೆಳಗೆ ಬರುತ್ತಾಳೆ ಎಂದ.

ಬೆಳಿಗ್ಗೆ ಕಸದ ಬಕೆಟ್ ಹಿಡಿದು ಬಂದ ಹುಡುಗಿಗೆ ಧನಮಾಯಾ ತಂಗಿಯ ಹೆಸರು ಹೇಳಿದರು. ತಂಗಿ ಊರಲ್ಲಿ ಶಾಲೆಗೆ ಹೋಗುತ್ತಿದ್ದಾಳೆ, ನಿಮಗೆ ಯಾರೋ ತಪ್ಪು ಹೇಳಿದ್ದಾರೆ ಎಂದು ಸರಿತಾ ಹೊರಟೇಬಿಟ್ಟಳು. ಆಗ ಧನಮಾಯಾ, ಬಿಮಲಾ ಕೊಟ್ಟು ಕಳಿಸಿದ್ದ ಕೂದಲ ರಿಬ್ಬನ್ನನ್ನು ಮುಂದೆ ಹಿಡಿದರು. ಸರಿತಾ ಅಲ್ಲೇ ನೆಲಕ್ಕೆ ಕೂತಳು. ಅವಳ ಫೋನನ್ನು ಮನೆಯೊಡತಿ ತೆಗೆದಿಟ್ಟುಕೊಂಡಿದ್ದಳು. ಕುಲ್ಸುಮ್ ಕರೆಸಿದ ಪೊಲೀಸರು ಬಂದು ಕೇಳಿದ ಮೇಲೆ ಫೋನೂ ಸಿಕ್ಕಿತು, ಸರಿತಾಳಿಗೆ ಆ ಮನೆಯಿಂದ ಬಿಡುಗಡೆಯೂ ಆಯಿತು.

ಬಾಲಮಂದಿರದ ಅಂಗಳದಲ್ಲಿ ಅಕ್ಕತಂಗಿಯರು ಎದುರಾದರು. ಬಿಮಲಾ ಅಕ್ಕನ ಒರಟಾದ ಅಂಗೈಯನ್ನು ತಿರುಗಿಸಿ ನೋಡುತ್ತಾ ನಿಂತಳಂತೆ. ಕುಲ್ಸುಮ್ ಅಲ್ಲಿ ನಿಲ್ಲಲಾರದೆ ಹೊರಗೆ ಬಂದರು.

ಮುಂದೆ ಎಲ್ಲಿರಬೇಕೆಂದು ಅವರಿಬ್ಬರನ್ನೇ ಕೇಳಲಾಯಿತು. ತಾಯಿಯ ತಂಗಿಯ ಮನೆ ಎಂದರು. ಆ ಚಿಕ್ಕಮ್ಮ ಯಾರು, ಎಂಥವರು ಎಂದು ಗಡಿಯಾಚೆಯ ಅಧಿಕಾರಿಗಳು ವಿಚಾರಿಸಿ ತಿಳಿಸುವ ಹೊತ್ತಿಗೆ ಚಳಿಗಾಲ ಬಂದಿತ್ತು. ಮಹಿಳಾ ಪೊಲೀಸರೊಬ್ಬರ ಜೊತೆ ಇಬ್ಬರೂ ಹೊರಟರು. ಅವರು ಮುಟ್ಟಿದ ಸುದ್ದಿ ಬರುವವರೆಗೂ ಕುಲ್ಸುಮ್ ಫೋನನ್ನು ಕೈಯಿಂದ ಕೆಳಗಿಡಲಿಲ್ಲ. ಕೊನೆಗೆ ಬಂದದ್ದು ಬಿಮಲಾಳದೇ ದನಿ. ಚಿಕ್ಕಮ್ಮ ಅನ್ನ ಹಾಕಿದ್ದಾರೆ, ಉಣ್ಣುತ್ತಿದ್ದೇವೆ ಎಂದು ಮುರುಕು ಹಿಂದಿಯಲ್ಲಿ ಹೇಳಿ ಇಟ್ಟುಬಿಟ್ಟಳು.

ಬಿಮಲಾಳನ್ನು ಬೆಂಗಳೂರಿಗೆ ಕರೆತಂದವನು ಜಾಮೀನಿನ ಮೇಲೆ ಹೊರಗಿದ್ದಾನೆ. ಕುಲ್ಸುಮ್ ಮುಖ್ಯ ಸಾಕ್ಷಿ. ಮುಂದಿನ ತಿಂಗಳು ನ್ಯಾಯಾಲಯದಲ್ಲಿ ಅವನೆದುರು ನಿಂತು ಹೇಳಬೇಕು. ಹೇಳುತ್ತೇನೆ ಎನ್ನುವಾಗ ಅವರ ಕೈ ಬುರ್ಖಾದ ಅಂಚನ್ನು ಸುತ್ತುತ್ತಲೇ ಇರುತ್ತದೆ.

ನಿಮಗೇನು ಬೇಕು ಎಂದು ಕೇಳಿದರೆ ತುಸು ನಾಚುತ್ತಾರೆ. ಕೆಲಸ ಮುಗಿಸಿ ಕೆಲವು ಸಂಜೆ ಮತ್ತಿಕೆರೆಯ ತಳ್ಳುಗಾಡಿಯ ಹತ್ತಿರ ಹೋಗಿ ನೇಪಾಳಿ ಕಲಿಯುತ್ತಿದ್ದಾರಂತೆ. ಧನಮಾಯಾ ಉಚ್ಚಾರ ಕೇಳಿ ನಗುತ್ತಾರಂತೆ.

‘ಹಸಿವಾಗಿದ್ಯಾ ಅನ್ನೋದು ಬಂತು. ಹೆದರ್ಬೇಡ ಅನ್ನೋದೂ ಬಂತು. ಇನ್ನೊಂದಿಷ್ಟು ಬಂದ್ಬಿಟ್ರೆ ಸಾಕು. ಹಿಟ್ಟು ಬಿಟ್ಟು ಓಡಿ ಬಾ ಅಂತ ಪಾಪ ಅವಳನ್ನ ಎಷ್ಟು ಸಲ ಕರೆಯೋದು?’

ಅಷ್ಟರಲ್ಲಿ ಇನ್ನೊಂದು ರೈಲು ಬರುವ ಸೂಚನೆ ಕೇಳಿಸುತ್ತದೆ. ಕುಲ್ಸುಮ್ ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಾರೆ.